ಹಗುರ ಚಾವಣಿಯನ್ನು ನೆಲಕ್ಕೆ ಕಟ್ಟಿದ್ದು

2019ರ ಮೇ ತಿಂಗಳ ಒಂದು ಸಂಜೆ ನನ್ನ ಕೂರಿಗೆ ಕೆಲಸದ ಶೆಡ್ಡಿನ ಸಿಮೆಂಟ್ ಶೀಟುಗಳು ಗಾಳಿಗೆ ಹಾರಿದವು. ಬೀಸಿದ್ದು ಹದಿನೈದು ನಿಮಿಷ ಅಷ್ಟೆ. ಮಳೆ ನೆಲ ತೋಯುವಷ್ಟೂ ಬೀಳಲಿಲ್ಲ. ಶೀಟು ಹಾರಬಾರದು ಅಂತ ಅದರ ಮೇಲೆ ಇಪ್ಪತ್ತು ಕಲ್ಲು ಹೇರಿದ್ದೆ, ಒಂದೊಂದೂ ಹತ್ತು ಹನ್ನೆರಡು ಕೆಜಿ ಇದ್ದವು. ಶೀಟು ಹೋದವು, ಕಲ್ಲು ಒಳಗೆ ಬಿದ್ದವು. ನಾನು ದಿನಾ ಕೂತು ಉಳಿ ಹಿಡಿಯುವ ಜಾಗದಲ್ಲೇ ಮೂರು ಕಲ್ಲು ಬಿದ್ದಿದ್ದವು. ಮನೆಯಾಕೆ ಚಹಾಕ್ಕೆ ಕರೆದಿದ್ದಳು, ಎದ್ದು ಬಂದಿದ್ದೆ.

ನನಗೇನೂ ಆಗಲಿಲ್ಲ. ಆದರೆ ಹಿತ್ತಲಲ್ಲಿ ಕಟ್ಟಿದ್ದ ಬಲಗೋಲಿನ ಎತ್ತಿನ ಹಿಂಗಾಲಿಗೆ ಶೀಟಿನ ಚೂರು ಬಡಿದು ನರ ಕತ್ತರಿಸಿತು. ಡಾಕ್ಟರು ಬಂದು ಹೊಲಿಗೆ ಹಾಕಿದರು. ಎತ್ತು ಬದುಕಿತು, ನೊಗಕ್ಕೆ ಬರಲಿಲ್ಲ. ಏಳು ವರ್ಷದ ಜೋಡಿ ಮುರಿಯಿತು. ಆ ವರ್ಷ ಶೇಂಗಾ ಬಿತ್ತನೆಗೆ ಬೇರೆಯವರ ಎತ್ತನ್ನು ಬಾಡಿಗೆಗೆ ತಂದೆ. ಹದ ತಪ್ಪಿ ನಾಲ್ಕು ದಿನ ತಡವೂ ಆಯಿತು. ಖುಷ್ಕಿಯಲ್ಲಿ ನಾಲ್ಕು ದಿನ ಅಂದರೆ ಏನು ಅಂತ ಓದುಗರಿಗೆ ನಾನು ಹೇಳಬೇಕಿಲ್ಲ.

ನಾನು ಬಡಗಿ ಅಲ್ಲ. ನಮ್ಮದು ಹಿರಿಯೂರು ತಾಲೂಕಿನ ಒಣ ಭೂಮಿ. ಊರಿನ ಆಚಾರರು ತೀರಿಕೊಂಡ ಮೇಲೆ ಕೂರಿಗೆ ಕಾಲು ಸಡಿಲಾದರೂ ಸರಿ ಮಾಡುವವರು ಇರಲಿಲ್ಲ. ನೋಡಿ ನೋಡಿ ಕಲಿತೆ. ಈಗ ಕೂರಿಗೆ, ಕುಂಟೆ, ಹಳೆ ಸೈಕಲ್ ಗಾಲಿಯ ಎಡೆಕುಂಟೆ ಇಷ್ಟು ಮಾಡುತ್ತೇನೆ. ಬೇಸಿಗೆಯ ಮೂರು ತಿಂಗಳು ಇದೇ ಕೆಲಸ. ಇದಕ್ಕೊಂದು ಕೋಣೆ ಬೇಕು, ನಡುವೆ ಕಂಬ ಇರಬಾರದು. ಹನ್ನೆರಡು ಅಡಿ ಈಸು ತಿರುಗಿಸುವಾಗ ಕಂಬ ಅಡ್ಡ ಬಂದರೆ ಕೆಲಸ ಸಾಗೋದಿಲ್ಲ. ಬೆಳಕು ಬೇಕು, ಗಾಳಿ ಆಡಬೇಕು. ಪೇಟೆಯಲ್ಲಿ ಇಂಥದಕ್ಕೆ ಸ್ಟುಡಿಯೋ ಅಂತಾರಂತೆ, ಮಗ ಹೇಳಿದ. ನಮ್ಮೂರಲ್ಲಿ ಕೂರಿಗೆ ಮನೆ ಅಂತಾರೆ.

ಹೊಸದು ಕಟ್ಟೋದಕ್ಕೆ ಮೊದಲು ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಹಗುರ ಇದ್ದದ್ದಕ್ಕೆ ಹಾರಿತು, ಈ ಸಲ ಭಾರದ ಚಾವಣಿ ಹಾಕೋಣ. ಆರ್‌ಸಿಸಿ ಹಾಕಿಸುವ ಅಂತ ಪರಿಚಯದ ಎಂಜಿನಿಯರ್ ಒಬ್ಬರನ್ನು ಕೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಣವೆ ಹಾರಬಾರದು ಅಂತ ಏನು ಮಾಡ್ತೀರಿ?" ಮೇಲೆ ಹಗ್ಗ ಹಾಯಿಸಿ ಎರಡೂ ಬದಿಗೆ ಕಲ್ಲು ತೂಗುಬಿಡ್ತೀವಿ ಅಂದೆ. "ಕಲ್ಲನ್ನ ಬಣವೆ ನೆತ್ತಿ ಮೇಲೆ ಸುಮ್ನೆ ಇಡಬಹುದಲ್ಲ?" ಅಂದರು. ಉತ್ತರ ನನ್ನ ಬಾಯಲ್ಲೇ ಇತ್ತು, ಶೆಡ್ಡಿಗೆ ಮಾತ್ರ ಹೊಳೆದಿರಲಿಲ್ಲ.

ಗಾಳಿ ತಳ್ಳೋದಲ್ಲ, ಎತ್ತೋದು

ಗಾಳಿ ಚಾವಣಿಯನ್ನು ಪಕ್ಕಕ್ಕೆ ತಳ್ಳುತ್ತೆ ಅಂತ ನಾವು ತಿಳಿದಿದ್ದೀವಿ. ನಿಜದಲ್ಲಿ ಇಳಿಜಾರು ಕಡಿಮೆ ಇರುವ ಚಾವಣಿಯ ಮೇಲೆ ಗಾಳಿ ಹಾಯುವಾಗ ಅದು ಮೇಲಕ್ಕೆ ಹೀರುತ್ತದೆ. ಒಂದು ಕಡೆ ಬಾಗಿಲು ತೆರೆದಿದ್ದು ಇನ್ನೊಂದು ಕಡೆ ಮುಚ್ಚಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ಒತ್ತುತ್ತದೆ. ಕೊಡೆ ಉಲ್ಟಾ ಆಗೋದು ಹೀಗೇ.

ಕಟ್ಟಡಕ್ಕೆ ಎಷ್ಟು ಗಾಳಿ ಲೆಕ್ಕ ಹಿಡಿಯಬೇಕು ಅನ್ನುವುದಕ್ಕೆ ಸರಕಾರದ ಮಾನಕ ಇದೆ, ಐಎಸ್ 875ರ 3ನೇ ಭಾಗ. ಅದರಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದಲ್ಲಿ ಇದೇ ಅತಿ ಕಡಿಮೆಯ ವಲಯ. ಆ ವೇಗದ ಗಾಳಿಯ ಒತ್ತಡ ಚದರಡಿಗೆ ಸುಮಾರು 6 ಕೆಜಿ. ಸೂರಿನಂಚು, ಮೂಲೆಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು. ಬಯಲಲ್ಲಿ, ದಿಬ್ಬದ ಮೇಲೆ ಇದ್ದರೆ ಲೆಕ್ಕ ಇನ್ನೂ ಏರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ.

ಈಗ ಚಾವಣಿಯ ತೂಕ ನೋಡಿ. ತಗಡು ಚದರಡಿಗೆ ಅರ್ಧ ಕೆಜಿಯೂ ಇಲ್ಲ. ಸಿಮೆಂಟ್ ಶೀಟು ಒಂದೂಕಾಲು ಕೆಜಿ. ನಾಲ್ಕಿಂಚಿನ ಆರ್‌ಸಿಸಿ 23 ಕೆಜಿ. ನನ್ನ ಹಳೆ ಶೆಡ್ಡಿನ ಚಾವಣಿ 180 ಚದರಡಿ. ಅದನ್ನು ಎತ್ತುವ ಗಾಳಿಯ ಬಲ ಸಾವಿರ ಕೆಜಿಗೂ ಮೇಲೆ. ಶೀಟು, ಕಲ್ಲು ಎರಡೂ ಸೇರಿ ಐನೂರು ಕೆಜಿ ಆಗುತ್ತಿರಲಿಲ್ಲ. ಕಣದಲ್ಲಿ ತೂರುವಾಗ ಗಾಳಿ ಹೊಟ್ಟನ್ನು ಒಯ್ದು ಕಾಳನ್ನು ಬಿಡುತ್ತದಲ್ಲ, ಗಾಳಿಯ ಲೆಕ್ಕದಲ್ಲಿ ನನ್ನ ಚಾವಣಿ ಹೊಟ್ಟು.

ಆರ್‌ಸಿಸಿ ಹಾಕಿದರೆ ಹಾರೋದಿಲ್ಲ, ನಿಜ. ಆದರೆ ನನಗೆ ಬೇಕಾದ ಅಳತೆಗೆ ಎಂಟು ಟನ್ ಭಾರ ಮೇಲೆ ಕೂರುತ್ತದೆ. ಅದಕ್ಕೆ ತಕ್ಕ ಗೋಡೆ, ಪಾಯ, ತೊಲೆ, ಸೆಂಟ್ರಿಂಗ್ ಬೇಕು. ಅಷ್ಟು ದುಡ್ಡು ಇರಲಿಲ್ಲ. ಎಂಜಿನಿಯರ್ ಹೇಳಿದ್ದು ನಡುವಿನ ದಾರಿ: ಒಂದಿಂಚು ದಪ್ಪದ ಫೆರೋಸಿಮೆಂಟ್ ಹಲಗೆ, ಕಬ್ಬಿಣದ ಟ್ರಸ್, ಮತ್ತು ಮೇಲಿನಿಂದ ಪಾಯದ ತನಕ ಬಿಡದ ಕಟ್ಟು. ನನ್ನ ಹಲಗೆ ಅಂಚು ಸೇರಿ ಚದರಡಿಗೆ ಸುಮಾರು 7 ಕೆಜಿ. ಗಾಳಿಯ ಜೊತೆ ಸರಿಸಮ ತೂಗುತ್ತೆ, ಗೆಲ್ಲೋದಿಲ್ಲ. ಹಾಗಾಗಿ ಕಟ್ಟಲೇಬೇಕು.

ಅಳತೆ ಮತ್ತು ಟ್ರಸ್

ಕೋಣೆ 12 ಅಡಿ ಅಗಲ, 20 ಅಡಿ ಉದ್ದ. 5 ಅಡಿಗೊಂದು ಟ್ರಸ್, ಒಟ್ಟು 5. ಅದರ ಅಡಿಗೆ 10 ಕಬ್ಬಿಣದ ಕಂಬ. ನೆತ್ತಿ ಸೂರಿಗಿಂತ ಮೂರಡಿಗೆ ಒಂದಡಿಯಂತೆ ಏರಿದೆ. ಎರಡೂ ಪಕ್ಕ ಒಂದೂವರೆ ಅಡಿ ಸೂರು ಚಾಚಿದೆ.

ಟ್ರಸ್ ಅಂದರೆ ತ್ರಿಕೋನಗಳ ಗುಂಪು. ನಾಲ್ಕು ಕಡ್ಡಿ ಕಟ್ಟಿ ಚೌಕ ಮಾಡಿ ಅಲ್ಲಾಡಿಸಿ, ಹಳೆ ಮಂಚದ ಹಾಗೆ ಓಲಾಡುತ್ತೆ. ಮೂರು ಕಡ್ಡಿ ಕಟ್ಟಿ ನೋಡಿ, ಕಡ್ಡಿ ಮುರಿಯಬೇಕೇ ಹೊರತು ಆಕಾರ ಬದಲಾಗದು. ಅದಕ್ಕೇ ಸಣ್ಣ ಕಬ್ಬಿಣದಲ್ಲಿ ದೊಡ್ಡ ಅಗಲ ದಾಟಬಹುದು, ನಡುವೆ ಕಂಬ ಬೇಡ. ಆದರೆ ಯಾವ ಕಡ್ಡಿ ಎಷ್ಟು ದಪ್ಪ ಅನ್ನೋದನ್ನ ನಾನಾಗಲಿ ವೆಲ್ಡಿಂಗ್ ಅಂಗಡಿಯವರಾಗಲಿ ಅಂದಾಜಿನಲ್ಲಿ ಹೇಳಬಾರದು. ಎಂಜಿನಿಯರ್ ಹತ್ತಿರ ನಕ್ಷೆ ಬರೆಸಿದೆ. ನನ್ನದರ ಅಳತೆಯನ್ನು ಇಲ್ಲಿ ಬರೆಯದಿರುವುದೂ ಅದಕ್ಕೇ. ನಿಮ್ಮ ಅಗಲ, ನಿಮ್ಮ ಗಾಳಿ ಬೇರೆ ಇರುತ್ತೆ.

ವೆಲ್ಡಿಂಗ್ ಬಗ್ಗೆ ಒಂದು ಮಾತು. ಮೊದಲ ಟ್ರಸ್ ಬಂದಾಗ ಕೂಡುಗಳಲ್ಲಿ ಬರೀ ಚುಕ್ಕೆ ಚುಕ್ಕೆ ಬೆಸುಗೆ ಇತ್ತು. "ಭಾರ ಕೂತ್ಮೇಲೆ ಎಲ್ಲಿಗೆ ಹೋಗ್ತದೆ ಬಿಡಿ ಗೌಡ್ರೇ" ಅಂದ ಹುಡುಗ. ಭಾರ ಕೂರುವ ಲೆಕ್ಕಕ್ಕೆ ಅವನ ಮಾತು ಅಷ್ಟೋ ಇಷ್ಟೋ ಸರಿ. ಗಾಳಿ ಎತ್ತುವಾಗ ಒತ್ತುತ್ತಿದ್ದ ಕೂಡು ಎಳೆಯುತ್ತದೆ, ಎಳೆಯುತ್ತಿದ್ದದ್ದು ಒತ್ತುತ್ತದೆ. ವಾಪಸ್ ಕಳಿಸಿ ಸುತ್ತಲೂ ತುಂಬು ಬೆಸುಗೆ ಹಾಕಿಸಿ, ಮೇಲೆ ರೆಡ್ ಆಕ್ಸೈಡ್ ಹೊಡೆಸಿದೆ.

ಇನ್ನೊಂದು, ಟ್ರಸ್‌ಗಳನ್ನು ಸಾಲಾಗಿ ನಿಲ್ಲಿಸಿ ಪರ್ಲಿನ್ ಹೊಡೆದರೆ ಸಾಲದು. ಮೊದಲ ಮತ್ತು ಕೊನೆಯ ಅಂಕಣದಲ್ಲಿ ಚಾವಣಿಯ ಇಳಿಜಾರಿನಲ್ಲೂ ಪಕ್ಕದ ಕಂಬಗಳ ನಡುವೆಯೂ ಕತ್ತರಿ ಆಕಾರದ ಅಡ್ಡಪಟ್ಟಿ ಬೇಕು. ಇಲ್ಲದಿದ್ದರೆ ಉದ್ದಕ್ಕೆ ಬಂದ ಗಾಳಿಗೆ ಎಲ್ಲ ಒಂದರ ಮೇಲೊಂದು ಮಲಗಿಬಿಡುತ್ತವೆ.

ಕಂಬದ ಗುಂಡಿ ಎರಡಡಿ ಚೌಕ, ಮೂರಡಿ ಆಳ. ತಳದಲ್ಲಿ ಒಂದೂವರೆ ಅಡಿ ಕಾಂಕ್ರೀಟು. ಅದರೊಳಗೆ ತುದಿ ಬಾಗಿಸಿದ ನಾಲ್ಕು ಬೋಲ್ಟು ಮುಳುಗಿಸಿ, ಮೇಲೆ ಕಂಬದ ತಟ್ಟೆ ಬಿಗಿದೆವು. ಒಂದೊಂದು ಗುಂಡಿಯ ಕಾಂಕ್ರೀಟು 400 ಕೆಜಿ. ಬಣವೆಗೆ ತೂಗುಬಿಟ್ಟ ಕಲ್ಲು ಇದೇ. ನಮ್ಮ ಜಾಗ ಗರಸು ಮಣ್ಣು, ಗಟ್ಟಿ ಇದೆ. ಎರೆಭೂಮಿಯವರು ಹೀಗೆ ಮಾಡಬೇಡಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಉಬ್ಬುವ ಮಣ್ಣು ಕಂಬವನ್ನೇ ಅಲ್ಲಾಡಿಸುತ್ತೆ. ಗಟ್ಟಿ ನೆಲ ಸಿಗುವ ತನಕ ಇಳಿಯಬೇಕು.

ಗುಂಡಿ ತೋಡುವಾಗ ಪಕ್ಕದ ಹೊಲದ ಹಿರಿಯರು ಬಂದು ನಿಂತು, "ಏನಪ್ಪಾ, ಮೇಲೆ ಇಂಚು ದಪ್ಪದ ಚಾವಣಿ, ಕೆಳಗೆ ಮೂರಡಿ ಗುಂಡಿ! ತಲೆಕೆಳಗಾಗಿ ಕಟ್ತೀಯಲ್ಲೋ" ಅಂದರು. ತಲೆಕೆಳಗೇ ಸರಿ ಅಜ್ಜ ಅಂದೆ.

ಹಲಗೆ ಎರಕ ಹೊಯ್ದದ್ದು

ಫೆರೋಸಿಮೆಂಟ್ ಹೊಸದೇನಲ್ಲ. 1848ರಲ್ಲಿ ಫ್ರಾನ್ಸಿನ ಲಾಂಬೋ ಎಂಬುವರು ತಂತಿ ಜಾಲರಿಗೆ ಸಿಮೆಂಟು ಮೆತ್ತಿ ದೋಣಿ ಮಾಡಿದ್ದರಂತೆ. ನಮ್ಮಲ್ಲಿ ಮಳೆನೀರಿನ ತೊಟ್ಟಿಗಳನ್ನು ಹೀಗೆ ಕಟ್ಟಿರುವುದನ್ನು ಎಷ್ಟೋ ಜನ ನೋಡಿರುತ್ತೀರಿ. ಬರೀ ಸಿಮೆಂಟು ಗಾರೆ ಎಳೆದರೆ ಸೀಳುತ್ತದೆ. ಒಳಗೆ ಹತ್ತಿರ ಹತ್ತಿರ ತಂತಿ ಇದ್ದರೆ ಬಿರುಕು ಬೆಳೆಯುವುದಕ್ಕೆ ಬಿಡೋದಿಲ್ಲ. ಸಗಣಿ ಮಣ್ಣಿಗೆ ಹುಲ್ಲು ಕಲಸುತ್ತೇವಲ್ಲ, ಅದೇ ಕೆಲಸ.

ನನ್ನ ಹಲಗೆ 2 ಅಡಿ ಅಗಲ, 4 ಅಡಿ 4 ಇಂಚು ಉದ್ದ, ಒಂದಿಂಚು ದಪ್ಪ. ಉದ್ದದ ಎರಡೂ ಅಂಚಿಗೆ ಎರಡಿಂಚು ಎತ್ತರದ ದಡ ಇದೆ, ಹರಿವಾಣದ ಹಾಗೆ ಮೇಲ್ಮುಖವಾಗಿ. ಮೇಲಿನ ತುದಿಯ ನಾಲ್ಕಿಂಚಿಗೆ ಮಾತ್ರ ದಡ ಇಲ್ಲ, ಅಲ್ಲಿ ಮೇಲಿನ ಸಾಲಿನ ಹಲಗೆ ಬಂದು ಕೂರುತ್ತದೆ. ದಡದಿಂದ ಎರಡು ಲಾಭ. ಹಲಗೆ ಬಾಗೋದಿಲ್ಲ, ಮತ್ತು ನೀರು ಸಂದಿಗೆ ಹೋಗೋದಿಲ್ಲ.

ಕಣದ ಪಕ್ಕದಲ್ಲಿ ನೆಲ ಸಮ ಮಾಡಿ ನುಣ್ಣಗೆ ಗಾರೆ ಬಳಿದು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಇಂಚು ಪೈಪಿನ ಚೌಕಟ್ಟು ನಾಲ್ಕು. ಗಾರೆ ಒಂದಕ್ಕೆ ಎರಡೂವರೆ, ಸಿಮೆಂಟು ಒಂದು ಪಾಲು, ಜರಡಿ ಹಿಡಿದ ಮರಳು ಎರಡೂವರೆ. ಮೂಟೆ ಸಿಮೆಂಟಿಗೆ 20ರಿಂದ 22 ಲೀಟರ್ ನೀರು, ಅದಕ್ಕಿಂತ ಹೆಚ್ಚಿಲ್ಲ. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಕೆಲಸದವರು ಸುಲಭ ಆಗಲಿ ಅಂತ ನೀರು ಜಾಸ್ತಿ ಸುರಿಯುತ್ತಾರೆ, ಪಕ್ಕದಲ್ಲೇ ನಿಂತು ನೋಡಬೇಕು. ನಮ್ಮ ಬೋರಿನ ನೀರು ಉಪ್ಪು. ಉಪ್ಪುನೀರು ಒಳಗಿನ ತಂತಿಗೆ ತುಕ್ಕು ಹಿಡಿಸುತ್ತದೆ. ಇಂಚಿನ ಹಲಗೆಯಲ್ಲಿ ತಂತಿಯ ಮೇಲೆ ಮುಚ್ಚಿಗೆ ಕಾಲಿಂಚೂ ಇರೋದಿಲ್ಲ, ತುಕ್ಕು ಹಿಡಿದರೆ ಹಲಗೆ ಹೋದಂತೆ. ಅದಕ್ಕೆ ಕುಡಿಯುವ ನೀರನ್ನೇ ಡ್ರಮ್ಮಿನಲ್ಲಿ ತಂದು ಕಲಸಿದೆ.

ಮೊದಲು ಕಾಲಿಂಚಿಗೆ ತುಸು ಕಡಿಮೆ ಗಾರೆ. ಅದರ ಮೇಲೆ ಅರ್ಧ ಇಂಚು ಕಣ್ಣಿನ ಜಾಲರಿ, ಅಂಗಡಿಯಲ್ಲಿ ಚಿಕನ್ ಮೆಶ್ ಅಂತ ಕೇಳಿ. ಆಮೇಲೆ 6 ಎಂಎಂ ಕಂಬಿ, ಉದ್ದಕ್ಕೆ ಮೂರು, ಅಡ್ಡಕ್ಕೆ ಐದು. ಮತ್ತೆ ಜಾಲರಿ. ಈ ಜಾಲರಿಯ ಅಂಚನ್ನೇ ಮೇಲಕ್ಕೆ ಮಡಚಿ ದಡದೊಳಗೆ ಸೇರಿಸಬೇಕು, ಇಲ್ಲವಾದರೆ ದಡ ಬೇರೆಯಾಗಿ ಕಳಚುತ್ತದೆ. ಉಳಿದ ಗಾರೆಯನ್ನು ಮೇಲೆ ಹಾಕಿ ಹಲಗೆ ತುಂಡಿನಿಂದ ಬಡಿದು ಬಡಿದು ಕೂರಿಸಬೇಕು. ಗಾರೆ ಜಾಲರಿಯೊಳಕ್ಕೆ ಇಳಿಯಬೇಕು. ಗಾಳಿ ಉಳಿದರೆ ಅಲ್ಲೇ ಮುರಿಯುತ್ತದೆ.

ಒಂದು ಮೂಟೆಗೆ ಮೂರೂವರೆ ಹಲಗೆ ಆದವು. ಒಂದೊಂದು ಸುಮಾರು 60 ಕೆಜಿ, ಇಬ್ಬರು ಎತ್ತಬಹುದು.

ಮೊದಲ ಆರು ಹಲಗೆ ಹಾಳಾದವು, ತಪ್ಪು ನನ್ನದೇ. ಚೌಕಟ್ಟು ಖಾಲಿ ಆಗಲಿ ಅಂತ ಮರುದಿನವೇ ಎತ್ತಿಸಿದೆ. ನಡುವೆ ಕೂದಲೆಳೆಯ ಬಿರುಕು ಬಂತು. ಆಮೇಲೆ ಚೌಕಟ್ಟನ್ನು ಮಾತ್ರ ಮರುದಿನ ಬಿಚ್ಚಿ, ಹಲಗೆಯನ್ನು ಮೂರು ದಿನ ಅಲ್ಲೇ ಬಿಟ್ಟು, ಎತ್ತಿದ ಮೇಲೆ ಮಲಗಿಸದೆ ಗೋಡೆಗೆ ನಿಲ್ಲಿಸಿದೆ. ನೀರು ಕುಡಿಸುವುದು 14 ದಿನ. ನೀರಿಗೆ ಬರ ಇರುವ ಊರಲ್ಲಿ ಇದೇ ಕಷ್ಟ. ಒದ್ದೆ ಗೋಣಿ ಹೊದೆಸಿ ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ದಿನಕ್ಕೆ ಎರಡು ಕೊಡದಲ್ಲಿ ಇಡೀ ಸಾಲು ತೇವ ಇರುತ್ತೆ. ಹೊದಿಕೆ ಇಲ್ಲದೆ ಹತ್ತು ಕೊಡ ಸುರಿದರೂ ಮಧ್ಯಾಹ್ನಕ್ಕೆ ಒಣಗುತ್ತೆ. ಮನೆಯಾಕೆ ಇದನ್ನು ಒಂದು ದಿನವೂ ತಪ್ಪಿಸಲಿಲ್ಲ, ನಾನು ಎರಡು ಸಲ ಮರೆತಿದ್ದೆ.

ಬೇಕಾದದ್ದು 44 ಹಲಗೆ. ಹಾಳಾದದ್ದು, ಟೋಪಿಗಳು ಎಲ್ಲ ಸೇರಿ 16 ಮೂಟೆ ಸಿಮೆಂಟು ಹಿಡಿಯಿತು. ತಿಂಗಳು ಕಳೆದ ಮೇಲೆ ಒಂದನ್ನು ನಾಲ್ಕಡಿ ಅಂತರದ ಎರಡು ಕಲ್ಲಿನ ಮೇಲಿಟ್ಟು ನಾನೂ ಮಗನೂ ನಡುವೆ ನಿಂತೆವು. ಏನೂ ಆಗಲಿಲ್ಲ. ಆದರೂ ಚಾವಣಿ ಮೇಲೆ ಹತ್ತುವಾಗ ಪರ್ಲಿನ್ ಇರುವ ಕಡೆಗೇ ಕಾಲಿಡಬೇಕು, ಅಡ್ಡ ಹಲಗೆ ಹಾಕಿಕೊಂಡರೆ ಒಳ್ಳೇದು.

ಕಟ್ಟು

ಹಲಗೆಗೆ ತೂತು ಹೊಡೆಯಲಿಲ್ಲ. ತೂತು ಅಂದರೆ ಸೋರಿಕೆ. ಎರಡು ಹಲಗೆಯ ನಡುವೆ ಅರ್ಧ ಇಂಚು ಸಂದಿ ಬಿಟ್ಟೆವು. ಆ ಸಂದಿಯಲ್ಲಿ ಕೊಕ್ಕೆ ಬೋಲ್ಟು ಇಳಿಸಿ ಪರ್ಲಿನ್ನಿಗೆ ಕೊಕ್ಕೆ ಹಾಕಿ, ಮೇಲೆ ಎರಡೂ ದಡ ಹಿಡಿಯುವಷ್ಟು ಅಗಲದ ಕಬ್ಬಿಣದ ಪಟ್ಟಿ, ಅಡಿಯಲ್ಲಿ ಹಳೆ ಟ್ಯೂಬಿನ ತುಂಡು ಇಟ್ಟು ನಟ್ಟು ಬಿಗಿದೆವು. ಅತಿಯಾಗಿ ಬಿಗಿದರೆ ದಡ ಒಡೆಯುತ್ತದೆ, ರಬ್ಬರು ಸ್ವಲ್ಪ ಅಮುಕಿದರೆ ಸಾಕು. ಅಂಚಿನ ಹಲಗೆಗಳಿಗೆ ಎರಡರಷ್ಟು ಬೋಲ್ಟು. ಈ ಸಂದಿಯ ಮೇಲೆ ಕವುಚಿ ಹಾಕಲು ನಾಲ್ಕಡಿ ಉದ್ದದ ಟೋಪಿ, ಅದೂ ಜಾಲರಿ ಗಾರೆಯದೇ, ಒಟ್ಟು 40. ನೆತ್ತಿಗೆ ಇನ್ನೂ ಅಗಲದ್ದು.

ಹೀಗೆ ಹಲಗೆ ಪರ್ಲಿನ್ನಿಗೆ, ಪರ್ಲಿನ್ ಟ್ರಸ್ಸಿಗೆ, ಟ್ರಸ್ಸು ಕಂಬಕ್ಕೆ, ಕಂಬ ಗುಂಡಿಯ ಕಾಂಕ್ರೀಟಿಗೆ. ಎಲ್ಲ ಬೋಲ್ಟು. ಒಂದು ಕಡೆ ಬಿಟ್ಟರೂ ಅಲ್ಲಿಂದ ಮೇಲಿನದೆಲ್ಲ ಹೊಟ್ಟು.

ಗೋಡೆ ಭಾರ ಹೊರುವುದಿಲ್ಲ, ಬರೀ ಮರೆ. ಒಂದೂವರೆ ಅಡಿ ಕಲ್ಲು ಕಟ್ಟಡ, ಅದರ ಮೇಲೆ ಥರ್ಮೋಕೋಲ್ ಕಾಳು ಬೆರೆಸಿದ ಮೂರಿಂಚಿನ ಹಗುರ ಸಿಮೆಂಟು ಹಲಗೆ, ಸಿದ್ಧವಾಗಿ ಸಿಗುವುದನ್ನು ತಂದೆ. ಒಂದರ ನಾಲಗೆ ಇನ್ನೊಂದರ ಗಾಡಿಗೆ ಕೂರುತ್ತದೆ, ಗರಗಸದಲ್ಲಿ ಕೊಯ್ಯಬಹುದು. ಇಲ್ಲಿ ಒಂದು ಪೆದ್ದುತನ ಆಯಿತು. ಹಲಗೆ ಎರಡಡಿ ಅಗಲ, ನನ್ನ ಅಂಕಣ ಐದಡಿ. ಪ್ರತಿ ಅಂಕಣಕ್ಕೂ ಒಂದು ಹಲಗೆ ಉದ್ದಕ್ಕೆ ಸೀಳಬೇಕಾಯಿತು. ಹಲಗೆ ಯಾವ ಅಳತೆಯಲ್ಲಿ ಸಿಗುತ್ತೆ ಅಂತ ಮೊದಲು ಕೇಳಿಕೊಂಡು ಕಂಬದ ಅಂತರ ಇಡಿ. ಇದಕ್ಕೆ ಮೊಳೆ ಹೊಡೆದು ಭಾರ ನೇತುಹಾಕಲು ಬರುವುದಿಲ್ಲ, ನಿಲ್ಲೋದಿಲ್ಲ. ಉಳಿ, ಬಾಚಿ, ಗರಗಸ ನೇತುಹಾಕುವ ಪಟ್ಟಿಯನ್ನು ಕಬ್ಬಿಣದ ಕಂಬಕ್ಕೇ ಬಿಗಿದಿದ್ದೇನೆ.

ಬಾಗಿಲಿಗೆ ಎದುರಾಗಿ ಕಿಟಕಿ, ಎರಡೂ ತುದಿಯ ತ್ರಿಕೋನದಲ್ಲಿ ಜಾಲರಿ. ಬಂದ ಗಾಳಿ ಆ ಕಡೆಯಿಂದ ಹೋಗಲಿ ಅಂತ.

ಕೆಲಸ ಮುಗಿದದ್ದು 2022ರ ಫೆಬ್ರವರಿಯಲ್ಲಿ. ಖರ್ಚಿನ ಅರ್ಧಕ್ಕೂ ಹೆಚ್ಚು ಕಬ್ಬಿಣಕ್ಕೇ ಹೋಯಿತು, ಸುಮಾರು 600 ಕೆಜಿ. ಕಬ್ಬಿಣದ ದರ ದಿನಕ್ಕೊಂದು, ಅದಕ್ಕೇ ರೂಪಾಯಿ ಬರೆದು ಪ್ರಯೋಜನ ಇಲ್ಲ. ತಗಡಿನ ಶೆಡ್ಡಿಗಿಂತ ಇದು ದುಬಾರಿ, ಮುಚ್ಚಿಡೋದಿಲ್ಲ. ದನದ ನೆರಳಿಗೆ ಇಷ್ಟು ಬೇಡ, ತಗಡನ್ನೇ ಸರಿಯಾಗಿ ಕೊಕ್ಕೆ ಬೋಲ್ಟು ಹಾಕಿ ಕಟ್ಟಿದರೆ ಸಾಕು. ಬೇಸಿಗೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಒಳಗೆ ಸೆಕೆ ಇದೆ. ಇಂಚಿನ ಸಿಮೆಂಟು ಬಿಸಿಲನ್ನು ತಡೆಯೋದಿಲ್ಲ. ಮೇಲೆ ಸುಣ್ಣ ಬಳಿದ ಮೇಲೆ ಸ್ವಲ್ಪ ಕಡಿಮೆ ಆಗಿದೆ, ಪ್ರತಿ ವರ್ಷ ಬಳಿಯಬೇಕು.

2025ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಅಂಥದೇ ಗಾಳಿ ಬಂತು. ಆಗ ಒಳಗೇ ಇದ್ದೆ, ಹೊರಗೆ ಓಡುವ ಧೈರ್ಯವೂ ಬರಲಿಲ್ಲ. ಟ್ರಸ್ ಕಿರುಗುಟ್ಟಿತು. ಊರಲ್ಲಿ ಎರಡು ತಗಡಿನ ಚಾವಣಿ ಹೋದವು, ಹುಣಸೆ ಮರ ಬಿತ್ತು. ಗಾಳಿ ನಿಂತ ಮೇಲೆ ಏಣಿ ಹಾಕಿ ನೋಡಿದೆ. ಹಲಗೆ ಒಂದೂ ಅಲ್ಲಾಡಿಲ್ಲ. ಪಶ್ಚಿಮದ ಅಂಚಿನ ಎರಡು ಟೋಪಿ ಮಾತ್ರ ಇರಲಿಲ್ಲ. ಒಂದು ಚೂರಾಗಿ ಅಂಗಳದಲ್ಲಿತ್ತು, ಇನ್ನೊಂದು ಎತ್ತು ಕಟ್ಟುವ ಗೂಟದ ಹತ್ತಿರ. ಹೊಸ ಜೋಡಿ ಆಗ ಹೊಲದಲ್ಲಿತ್ತು.

ಟೋಪಿಗಳನ್ನು ನಾನು ಕಟ್ಟಿರಲಿಲ್ಲ. ಗಾರೆ ಮೆತ್ತಿ ಕೂರಿಸಿದ್ದೆ, ಭಾರ ಇದೆ, ಎಲ್ಲಿಗೆ ಹೋಗುತ್ತೆ ಅಂತ. ವೆಲ್ಡಿಂಗ್ ಹುಡುಗನಿಗೆ ಬೈದವನು ನಾನೇ.

ಎರಡು ಹೊಸದನ್ನು ಒಳಗೆ ತಂತಿ ಕುಣಿಕೆ ಇಟ್ಟೇ ಎರಕ ಹೊಯ್ದು, ಕೊಕ್ಕೆ ಬೋಲ್ಟಿಗೆ ಕಟ್ಟಿದೆ. ಉಳಿದ 38ಕ್ಕೆ ಪಕ್ಕದಲ್ಲಿ ಸಣ್ಣ ತೂತು ಕೊರೆದು ದಪ್ಪ ಜಿಐ ತಂತಿ ಪೋಣಿಸಿ ಬಿಗಿಯುತ್ತಿದ್ದೇನೆ. ಅಂಚಿನವು ಎಲ್ಲ ಮುಗಿದಿವೆ. ನಡುವಿನ ಹದಿನಾಲ್ಕು ಉಳಿದಿವೆ, ಮುಂದಿನ ಗಾಳಿಗೆ ಮುಂಚೆ ಕಟ್ಟಬೇಕು.